ಸೇತುವೆ ಕಾದ ರೆಜಿಮೆಂಟ್

೧೯ ಅಕ್ಟೋಬರ್ ೨೦೧೫

ಕಿಟಕಿಗಳನ್ನೆಲ್ಲ ಮುಚ್ಚಿ, ಬಾಗಿಲ ಸಂದಿಗೆ ಒದ್ದೆ ಟವೆಲ್ ತುರುಕಿ ಕೂತಿದ್ದೇನೆ. ಸುಮಾತ್ರಾದಲ್ಲಿ ಯಾರೋ ಕಾಡಿಗೆ ಬೆಂಕಿ ಇಟ್ಟರೆ ಹೊಗೆ ಸಮುದ್ರ ದಾಟಿ ಬಂದು, ಇಲ್ಲಿ ಬ್ಯೂನಾ ವಿಸ್ಟಾದ ನಮ್ಮ ಕಾಂಡೋ ಫ್ಲಾಟಿನಲ್ಲಿ ನನ್ನ ಮಗ ಕೆಮ್ಮಬೇಕು. ಇದನ್ನು ಬಾಯಿಬಿಟ್ಟು ಹೇಳಿದರೆ ದಿವಾಕರ್ "ಶುರುವಾಯ್ತಾ ನಿಂದು?" ಎನ್ನುತ್ತಾರೆ. ಬ್ಯಾಂಕಿನಲ್ಲಿ ರಿಸ್ಕ್ ಅಳೆಯುವುದೇ ಕೆಲಸವಾದ ನನ್ನ ಗಂಡನಿಗೆ ಮನೆಯೊಳಗಿನ ರಿಸ್ಕ್ ಮಾತ್ರ ಕಾಣುವುದಿಲ್ಲ. ಅದಕ್ಕೇ ಈ ಪುಸ್ತಕ ತಂದೆ. ಇದಾದರೂ ನನ್ನ ಮಾತಿಗೆ ಅಡ್ಡ ಬಾಯಿ ಹಾಕುವುದಿಲ್ಲ.

ಸುಘೋಷನಿಗೆ ಹದಿನೆಂಟು ತುಂಬಿತು. ಜನವರಿಯಲ್ಲಿ ಸೈನ್ಯಕ್ಕೆ ಹೋಗಬೇಕು, ಎರಡು ವರ್ಷ. ಇಲ್ಲಿ ಈ ಕಡ್ಡಾಯ ಸೇವೆಗೆ ಎಲ್ಲರೂ ಎನ್‌ಎಸ್ ಎನ್ನುತ್ತಾರೆ. ನಮ್ಮ ಹಾಗೆ ಪಿಆರ್, ಅಂದರೆ ಇಲ್ಲಿ ಖಾಯಂ ವಾಸದ ಪರವಾನಗಿ, ತೆಗೆದುಕೊಂಡವರ ಗಂಡುಮಕ್ಕಳಿಗೆ ಈ ಊರಿನ ಕಾನೂನು ಅದು. ಅಪ್ಪನಿಗೆ ವಿನಾಯಿತಿ, ಮಗನಿಗಿಲ್ಲ. ಹೋಗುವುದಕ್ಕೆ ನನ್ನ ತಕರಾರಿಲ್ಲ, ಎಲ್ಲರ ಮಕ್ಕಳೂ ಹೋಗುತ್ತಾರೆ. ನನ್ನ ಭಯ ಒಂದೇ, ಅವನ ಎದೆ. ಮೈಸೂರಿನಲ್ಲಿದ್ದಾಗ ಅವನಿಗೆ ವೀಸಿಂಗ್ ಇತ್ತು. ಉಸಿರಿಗಾಗಿ ಒದ್ದಾಡುತ್ತಿದ್ದ ಆ ಕೂಸನ್ನು ಹೆಗಲಿಗೆ ಹಾಕಿಕೊಂಡು ನಾನು ಆಸ್ಪತ್ರೆಗೆ ಓಡಿದ್ದು ಎಷ್ಟು ಸಲವೋ. ಇಲ್ಲಿಗೆ ಬಂದಮೇಲೆ ತಾನಾಗಿ ನಿಂತಿತ್ತು. ಈಗ ಈ ಹೊಗೆಯಲ್ಲಿ ಮತ್ತೆ ಎದೆಯೊಳಗೆ ಸಣ್ಣ ಸಿಳ್ಳೆ ಕೇಳುತ್ತಿದೆ. ಅದು ನನಗೊಬ್ಬಳಿಗೇ ಕೇಳುವುದಂತೆ.

ಇವತ್ತು ಸೈನ್ಯದವರ ಮೆಡಿಕಲ್ ಟೆಸ್ಟ್ ಮುಗಿಸಿಕೊಂಡು ಬಂದ. ಚಪ್ಪಲಿ ಬಿಡುವ ಮೊದಲೇ ಕೇಳಿದೆ.

"ವೀಸಿಂಗ್ ವಿಷಯ ಹೇಳಿದ್ಯೇನೋ?"

"ಹೇಳ್ದೆ ಅಮ್ಮ. ಲೈಟ್ ಟ್ರೈನಿಂಗ್‌ಗೆ ಹಾಕ್ತಾರಂತೆ. ಸ್ಟೋರ್ ವರ್ಕ್, ಆಫೀಸ್ ವರ್ಕ್ ಅಷ್ಟೆ. ರಿಲ್ಯಾಕ್ಸ್ ಲಾ."

ಈ ಊರಿನವರ 'ಲಾ' ಇವನ ಬಾಯಿಗೂ ಹತ್ತಿದೆ. ಎದೆಯ ಮೇಲಿನ ಕಲ್ಲು ಇಳಿಸಿದ ಹಾಗಾಯಿತು. ಸೋಮವಾರವೆಂದೂ ನೋಡದೆ ಶ್ಯಾವಿಗೆ ಪಾಯಸ ಮಾಡಿದೆ.

೩ ನವೆಂಬರ್ ೨೦೧೫

ಆಫೀಸಿನಲ್ಲಿ ಗಿರಿಧರ್ ಹೊಸ ಕೆಲಸ ವಹಿಸಿದ. ನಮ್ಮದು ವಿಡಿಯೋ ಗೇಮ್ ಮಾಡುವ ಸಣ್ಣ ಕಂಪನಿ. ಜಯನಗರದ ಗಿರಿಧರ್ ಅದರ ಡಿಸೈನರ್, ನನಗಿಂತ ಹತ್ತು ವರ್ಷ ಚಿಕ್ಕವನು, ನನ್ನ ಬಾಸ್. ಅವನು ಆಟ ಕಟ್ಟುತ್ತಾನೆ, ಆಟದೊಳಗಿನ ಜನರ ಹಿಂದಿನ ಕಥೆ ನಾನು ಬರೆಯುತ್ತೇನೆ.

ಈ ಸಲ ಅಮೆರಿಕದ ಅಂತರ್ಯುದ್ಧ. ಅದರಲ್ಲಿ ಹೋರಾಡಿದ ಒಂದು ಸ್ವಯಂಸೇವಕ ಕಾಲಾಳು ರೆಜಿಮೆಂಟಿನ ಸೇವಾ ಚರಿತ್ರೆ ಬೇಕಂತೆ. ಯಾವಾಗ ಸೇರಿದರು, ಎಲ್ಲಿ ಬಿಡಾರ ಹೂಡಿದರು, ಯಾವ ಯಾವ ಕಾಳಗ, ಎಷ್ಟು ಜನ ಉಳಿದರು. ನಿಜವಾದ ರೆಜಿಮೆಂಟಿನ ತಂಟೆ ಬೇಡವೆಂದು ನಾವೇ ಒಂದನ್ನು ಹುಟ್ಟಿಸಿ 'ರಿವರ್ ಕೌಂಟಿ ವಾಲಂಟಿಯರ್ಸ್' ಎಂದು ಹೆಸರಿಟ್ಟಿದ್ದೇವೆ. ನದಿದಂಡೆಯ ಒಂದೇ ಸೀಮೆಯ ಹುಡುಗರು. ರೈತರು, ಕಮ್ಮಾರರು, ಒಬ್ಬ ಶಾಲಾಮಾಸ್ತರ. ಯಾರೂ ಬಲವಂತ ಮಾಡಿರಲಿಲ್ಲ, ತಾವಾಗಿ ಬಂದು ಹೆಸರು ಬರೆಸಿದವರು.

ಹೇಗೆ ಬರೆಯಬೇಕೆಂದು ನೋಡಲು ನಿಜದ ರೆಜಿಮೆಂಟುಗಳ ಚರಿತ್ರೆ ತೆಗೆದು ಓದಿದೆ. ಎಲ್ಲವೂ ಒಂದೇ ಅಚ್ಚು. ಕೊನೆಯ ಸಾಲು ಸತ್ತವರದ್ದು. ಗುಂಡಿಗೆ ಸತ್ತವರಿಗಿಂತ ರೋಗಕ್ಕೆ ಸತ್ತವರೇ ಹೆಚ್ಚು. ದಡಾರ, ಭೇದಿ, ನ್ಯುಮೋನಿಯಾ. ಸೇರಿಸಿಕೊಳ್ಳುವಾಗ ಡಾಕ್ಟರು ಮೇಲೆ ಕೆಳಗೆ ನೋಡಿ ಒಳಗೆ ಬಿಟ್ಟುಬಿಡುತ್ತಿದ್ದರಂತೆ. ಕಾಯಿಲೆ ಮುಚ್ಚಿಟ್ಟುಕೊಂಡು ಸೇರಿದ ಹುಡುಗರು ಬೇಕಾದಷ್ಟು.

೨೪ ನವೆಂಬರ್ ೨೦೧೫

ನನ್ನ ರೆಜಿಮೆಂಟನ್ನು ಇವತ್ತು ಮೊದಲ ಕಾಳಗಕ್ಕೆ ಕಳಿಸಬೇಕಿತ್ತು. ಕಳಿಸುವ ಮೊದಲು ಒಂದು ರೈಲ್ವೆ ಸೇತುವೆ ಕಾಯಲು ನಿಲ್ಲಿಸಿದೆ. ಹಾಗೆ ಕಾದ ರೆಜಿಮೆಂಟುಗಳೂ ಇದ್ದವು, ನಾನೇನು ಸುಳ್ಳು ಬರೆದಿಲ್ಲ. ಒಳ್ಳೆಯ ಜಾಗ, ಎತ್ತರದ ದಿಬ್ಬ, ಹತ್ತಿರದಲ್ಲೇ ತಿಳಿನೀರಿನ ಬುಗ್ಗೆ. ಒಂದು ಚಳಿಗಾಲ ಅಲ್ಲಿರಲಿ, ಸುಧಾರಿಸಿಕೊಳ್ಳಲಿ.

ಸುಘೋಷ್ ದಿನಾ ಬೆಳಿಗ್ಗೆ ಓಡಲು ಹೋಗುತ್ತಿದ್ದಾನೆ. ಸ್ಟೋರಿನಲ್ಲಿ ಕೂರುವವನಿಗೆ ಓಟ ಯಾಕೆಂದು ಕೇಳಿದರೆ "ಸುಮ್ನೆ" ಎಂದ. ಹೊಗೆಯೇನೋ ಹೋಗಿದೆ. ಆದರೂ ಅವನು ವಾಪಸು ಬಂದಾಗ ಏನಾದರೂ ನೆಪ ತೆಗೆದು ಹತ್ತಿರ ನಿಂತು ಕಿವಿಗೊಡುತ್ತೇನೆ.

೧೦ ಡಿಸೆಂಬರ್ ೨೦೧೫

ಗಿರಿಧರ್ ನನ್ನ ಬರಹ ಓದಿ ಕುರ್ಚಿ ಎಳೆದುಕೊಂಡು ಬಂದು ಕೂತ.

"ಮೇಡಂ, ನಿಮ್ಮ ರೆಜಿಮೆಂಟ್ ಮೂರು ವರ್ಷದಿಂದ ಒಂದೇ ಬ್ರಿಡ್ಜ್ ಕಾಯ್ತಾ ಇದೆ."

"ರೈಲ್ವೆ ಬ್ರಿಡ್ಜು ಗಿರಿ. ತುಂಬಾ ಇಂಪಾರ್ಟೆಂಟು."

"ಯಾರೂ ಅಟ್ಯಾಕ್ ಮಾಡಲ್ವಾ?"

"ಇವರು ಕಾಯ್ತಿದಾರೆ ಅಂತಾನೇ ಯಾರೂ ಬರ್ತಿಲ್ಲ."

"ಒಬ್ಬನಿಗೂ ಡಿಸೆಂಟ್ರಿ ಕೂಡ ಆಗಿಲ್ವಲ್ಲ!"

"ನೀರು ಕಾಯಿಸಿ ಕುಡೀತಾರೆ. ಸೆಕೆಂಡ್ ಪೇಜಲ್ಲಿ ಬರ್ದಿದೀನಿ ನೋಡಿ."

ಅವನು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡ. "ಇದು ವಾರ್ ಗೇಮ್ ಮೇಡಂ. ಆಡೋರು ನಿದ್ದೆ ಹೋಗ್ತಾರೆ. ಪ್ಲೀಸ್, ಅವರನ್ನ ಆ ಬ್ರಿಡ್ಜಿಂದ ಇಳಿಸಿ."

ಇಳಿಸುತ್ತೇನೆಂದು ಒಪ್ಪಿಕೊಂಡು ಬಂದೆ. ಸಂಜೆ ಕೂತು ಒಂದು ಪ್ರವಾಹ ಬರೆದೆ. ಪ್ರವಾಹದಿಂದ ಸೇತುವೆ ಜಖಂ ಆಯಿತು, ಅದರ ರಿಪೇರಿಗೆಂದು ರೆಜಿಮೆಂಟ್ ಅಲ್ಲೇ ಉಳಿಯಬೇಕಾಯಿತು. ಗಿರಿಧರನಿಗೆ ಮಕ್ಕಳಿಲ್ಲ, ಪಾಪ, ಅವನಿಗೆ ಇದೆಲ್ಲ ಹೇಗೆ ಅರ್ಥವಾಗಬೇಕು?

೮ ಜನವರಿ ೨೦೧೬

ಬಿಟ್ಟು ಬಂದೆವು. ದೋಣಿಯಲ್ಲಿ ತರಬೇತಿ ಶಿಬಿರವಿರುವ ಟೆಕೋಂಗ್ ದ್ವೀಪಕ್ಕೆ ಹೋಗುವವರೆಗೂ ಅವನು ನನ್ನ ಪಕ್ಕದಲ್ಲೇ ಕೂತಿದ್ದ. ಅಲ್ಲಿ ಮಕ್ಕಳನ್ನು ಒಂದು ಕಡೆ ಕಳಿಸಿ, ನಮಗೆ ಅವರು ಮಲಗುವ ಕೋಣೆ, ಮಂಚ, ಬೀರು ಎಲ್ಲ ತೋರಿಸಿದರು. ಮದುವೆಗೆ ಮುಂಚೆ ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡಲು ಬಂದ ಹಾಗಿತ್ತು. ಹಾಸಿಗೆ ತೆಳ್ಳಗಿದೆ. ಫ್ಯಾನಿನ ರೆಕ್ಕೆ ಮೇಲೆ ಧೂಳಿದೆಯೇ ಎಂದು ಕತ್ತೆತ್ತಿ ನೋಡಿದೆ, ಇರಲಿಲ್ಲ. ಯಾರು ಲೈಟ್ ಟ್ರೈನಿಂಗಿನವರು, ಯಾರು ಪೂರ್ತಿ ಸೈನಿಕರಾಗುವವರು ಎಂದು ನನಗಂತೂ ತಿಳಿಯಲಿಲ್ಲ, ಎಲ್ಲ ಒಂದೇ ತರಹದ ಹುಡುಗರು.

ಪ್ರತಿಜ್ಞೆ ಆಯಿತು. ಜೊತೆಯಲ್ಲಿ ಊಟ ಮಾಡಿದೆವು. ಆಮೇಲೆ ಸಾಲಾಗಿ ನಿಲ್ಲಿಸಿ ಕರೆದುಕೊಂಡು ಹೋದರು. ಅವನು ತಿರುಗಿ ನೋಡುತ್ತಾನೆಂದು ಕಾದೆ. ನೋಡಲಿಲ್ಲ. "ತಿರುಗ್ಬಾರ್ದು ಅಂತ ರೂಲ್ ಇರುತ್ತೆ ಕಣೇ" ಎಂದರು ದಿವಾಕರ್. ಅಂಥ ರೂಲ್ ಇವರಿಗೆ ಯಾರು ಹೇಳಿದರೋ.

೧೩ ಜನವರಿ ೨೦೧೬

ಫೋನ್ ಬಂತು. "ಊಟ ಆಯ್ತಮ್ಮ. ಸ್ಟೋರ್ ಕ್ಲೀನ್ ಮಾಡ್ತಿದೀವಿ ಅಷ್ಟೆ. ಬೋರಿಂಗ್." ಬೋರಿಂಗ್ ಎನ್ನುವ ಪದ ಇಷ್ಟು ಚೆಂದವಿದೆಯೆಂದು ಗೊತ್ತಿರಲಿಲ್ಲ.

೨೩ ಜನವರಿ ೨೦೧೬

ಮೊದಲ ಸಲ ಮನೆಗೆ ಬಂದಿದ್ದಾನೆ. ತಲೆ ಬೋಳು, ಮೈ ಕಪ್ಪಗಾಗಿದೆ, ಬಂದವನೇ ಬಿಸಿಬೇಳೆಬಾತ್ ಮೂರು ಸಲ ಹಾಕಿಸಿಕೊಂಡು ತಿಂದು ಮಲಗಿದ. ಹೊದಿಕೆ ಸರಿಮಾಡಲು ಹೋದಾಗ ಎರಡೂ ಹೆಗಲ ಮೇಲೆ ಕೆಂಪು ಬರೆ ಕಂಡಿತು, ಪಟ್ಟಿ ಒತ್ತಿದ ಹಾಗೆ. ಎದ್ದ ಮೇಲೆ ಕೇಳಿದೆ.

"ಸ್ಟೋರಲ್ಲಿ ಬಾಕ್ಸ್ ಎತ್ತೋದಿರುತ್ತಲ್ಲಮ್ಮ."

ಎಂಥ ದರಿದ್ರ ಸ್ಟೋರೋ, ಒಂದು ತಳ್ಳುಗಾಡಿ ಇಟ್ಟುಕೊಳ್ಳಬಾರದೇ? ಕೊಬ್ಬರಿ ಎಣ್ಣೆ ಹಚ್ಚಿದೆ. ಅವನು ನನ್ನ ಮುಖ ನೋಡದೆ ಟಿವಿ ನೋಡುತ್ತಿದ್ದ.

೪ ಫೆಬ್ರುವರಿ ೨೦೧೬

ಒಂದೇ ಫೋಟೋವನ್ನು ಹತ್ತು ಸಲ ದೊಡ್ಡದು ಮಾಡಿ ನೋಡಿದೆ.

ಕನ್ನಡ ಸಂಘದ ಪದ್ಮಜಾ ಅವರ ಮಗ ಅರವಿಂದನೂ ಟೆಕೋಂಗಿನಲ್ಲಿದ್ದಾನೆ. ತರಬೇತಿಯ ಫೋಟೋಗಳನ್ನು ಸೈನ್ಯದವರು ಫೇಸ್‌ಬುಕ್ಕಿನಲ್ಲಿ ಹಾಕುತ್ತಾರೆ, ತಾಯಂದಿರೆಲ್ಲ ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಅದರಲ್ಲಿ ತಮ್ಮ ತಮ್ಮ ಮಕ್ಕಳನ್ನು ಹುಡುಕುತ್ತಾರೆ. ನಾನು ಹುಡುಕಿರಲಿಲ್ಲ. ಸ್ಟೋರಿನ ಫೋಟೋ ಯಾರು ಹಾಕುತ್ತಾರೆ? ಪದ್ಮಜಾ ಹುಡುಕಿ ಕಳಿಸಿದ್ದರು. "ನೋಡ್ರೀ ಮೈಥಿಲಿ, ನಮ್ಮವನೂ ನಿಮ್ಮವನೂ ಒಂದೇ ಸೆಕ್ಷನ್ನಲ್ಲಿ! ಹೇಳೇ ಇಲ್ಲ ನೀವು!"

ಮುಖಕ್ಕೆಲ್ಲ ಹಸಿರು ಕಪ್ಪು ಬಣ್ಣ. ಕೈಯಲ್ಲಿ ರೈಫಲ್, ಬೆನ್ನ ಮೇಲೆ ಅವನಷ್ಟೇ ದೊಡ್ಡ ಚೀಲ. ಕೆಸರಿನಲ್ಲಿ ಹೊಟ್ಟೆಯ ಮೇಲೆ ಮಲಗಿದ್ದಾನೆ, ಹಲ್ಲು ಕಾಣುವಂತೆ ನಗುತ್ತಿದ್ದಾನೆ.

ವೀಸಿಂಗ್ ವಿಷಯ ಅವನು ಹೇಳಿಯೇ ಇಲ್ಲ. ಯಾರಿಗೂ ಹೇಳಿಲ್ಲ. ಅಲ್ಲಿ ಕಾಡಿನ ನಡುವೆ ಅವನ ಉಸಿರು ಕಟ್ಟಿದರೆ ಪಕ್ಕದವನಿಗೆ ಏನು ಮಾಡಬೇಕೆಂದು ಕೂಡ ಗೊತ್ತಿರುವುದಿಲ್ಲ.

೫ ಫೆಬ್ರುವರಿ ೨೦೧೬

ದಿವಾಕರ್‌ಗೆ ಗೊತ್ತಿತ್ತು.

"ನಿಂಗೆ ಹೇಳಿದ್ರೆ ನಿದ್ದೆ ಮಾಡ್ತಿದ್ಯಾ ನೀನು?"

"ಅವನಿಗೇನಾದ್ರೂ ಆದ್ರೆ ನೀವು ನಿದ್ದೆ ಮಾಡ್ತೀರಾ ರೀ?"

ಅಪ್ಪ ಮಗ ಸೇರಿ ನನಗೊಂದು ಕಥೆ ಕಟ್ಟಿಕೊಟ್ಟಿದ್ದಾರೆ, ಸ್ಟೋರು, ಪೊರಕೆ, ಡಬ್ಬಗಳು. ನಾನು ಕಥೆ ಬರೆದು ಸಂಬಳ ತೆಗೆದುಕೊಳ್ಳುವವಳು, ನನಗೇ! ಸಿಟ್ಟಿಗೆ ಸಾರಿಗೆ ಉಪ್ಪು ಹಾಕುವುದು ಮರೆತೆ. ಅವರು ಹಾಗೇ ಉಂಡರು.

ಅವನ ಸಾರ್ಜೆಂಟರ ನಂಬರು ನನ್ನ ಹತ್ತಿರ ಇದೆ, ಮೊದಲ ದಿನವೇ ಕೊಟ್ಟಿದ್ದರು. ನಾನೊಂದು ಫೋನ್ ಮಾಡಿದರೆ ಸಾಕು.

೭ ಫೆಬ್ರುವರಿ ೨೦೧೬

ಚೀನೀ ಹೊಸವರ್ಷದ ರಜಕ್ಕೆ ಬಂದಿದ್ದಾನೆ. ಕೆಳಗೆ ಈಜುಕೊಳದ ಪಕ್ಕದ ಬೆಂಚಿಗೆ ಕರೆದುಕೊಂಡು ಹೋಗಿ ಫೋಟೋ ತೋರಿಸಿದೆ.

"ಸಾರಿ ಅಮ್ಮ."

"ಯಾಕೋ ಹೀಗ್ಮಾಡ್ದೆ?"

"ಸ್ಕೂಲಲ್ಲಿ ಎಲ್ರೂ ಕೇಳೋರು, ನೀನು ಎನ್‌ಎಸ್ ಮಾಡ್ತೀಯಾ, ಇಲ್ಲ ಓಡಿಹೋಗ್ತೀಯಾ ಅಂತ. ಇಂಡಿಯನ್ ಪಿಆರ್ ಅಂದ್ರೆ ಅದೇ ಮೊದಲ ಕ್ವೆಶ್ಚನ್. ಹೋದ್ಮೇಲೂ ಸ್ಟೋರಲ್ಲಿ ಕೂತ್ರೆ? ಆಗ ನಾನು ಅರ್ಧ ಹೋದ ಹಾಗೆ ಅಷ್ಟೆ. ನಂಗೆ ಅರ್ಧ ಬೇಡ ಅಮ್ಮ."

"ಉಸಿರು ಕಟ್ಟಿದ್ರೆ?"

"ಒಂದ್ಸಲ ಆಯ್ತು. ಫೀಲ್ಡ್ ಕ್ಯಾಂಪಲ್ಲಿ. ಅರವಿಂದ್ ನನ್ನ ಪ್ಯಾಕ್ ಹೊತ್ಕೊಂಡ. ಆಮೇಲೆ ಸರಿಹೋಯ್ತು."

ಅವನ ಎದುರಿಗೇ ಸಾರ್ಜೆಂಟರಿಗೆ ಫೋನ್ ಮಾಡಬೇಕೆಂದು ಮೊಬೈಲ್ ತೆಗೆದೆ. ಅವನು ತಡೆಯಲಿಲ್ಲ, ಬೇಡಿಕೊಳ್ಳಲೂ ಇಲ್ಲ. ಬೋಳು ತಲೆ ತಗ್ಗಿಸಿ ಕೂತಿದ್ದ. ನಾನು ಮೊಬೈಲನ್ನು ಮತ್ತೆ ಪರ್ಸಿಗೆ ಹಾಕಿದೆ.

"ನಾನು ಮಾಡಲ್ಲ. ಮುಂದಿನ ಸಲ ಮನೆಗೆ ಬರೋದ್ರೊಳಗೆ ನೀನೇ ಹೇಳ್ಬೇಕು. ನಿನ್ನ ಪಕ್ಕ ಮಲಗೋ ಹುಡುಗರಿಗಾದ್ರೂ ಗೊತ್ತಿರ್ಬೇಕಲ್ಲ ಕಣೋ."

ಹಾಗೇಕೆ ಅಂದೆನೋ. ಮೇಲೆ ಬಂದಮೇಲೆ ಹಣೆ ಹಣೆ ಚಚ್ಚಿಕೊಂಡೆ. ಮಾಡಿಬಿಡಬೇಕಿತ್ತು.

೧೦ ಫೆಬ್ರುವರಿ ೨೦೧೬

ಫೋನಿಲ್ಲ.

೧೧ ಫೆಬ್ರುವರಿ ೨೦೧೬

ಇವತ್ತೂ ಇಲ್ಲ. ಸಾರ್ಜೆಂಟರ ನಂಬರು ಒತ್ತಿ, ರಿಂಗ್ ಆಗುವ ಮೊದಲೇ ಕತ್ತರಿಸಿದೆ. ಎರಡು ಸಲ ಹಾಗಾಯಿತು. ಆಫೀಸಿನಲ್ಲಿ ಬೇರೇನೂ ಮಾಡಲು ತೋಚದೆ ರೆಜಿಮೆಂಟಿನ ಕೆಲಸ ಹಿಡಿದೆ. ಆ ಸೇತುವೆಯಿಂದ ಇಳಿಸಿ, ಜೋಳದ ಹೊಲ ದಾಟಿಸಿ, ಕಾಳಗಕ್ಕೆ ನಡೆಸಿದೆ. ಸಂಜೆಯೊಳಗೆ ಎಲ್ಲ ಮುಗಿಯಿತು. ಶಾಲಾಮಾಸ್ತರ ವಾಪಸು ಬರಲಿಲ್ಲ. ಗಿರಿಧರ್ ಓದಿ "ಫೈನಲಿ!" ಎಂದವನು, ನನ್ನ ಮುಖ ನೋಡಿ ಎದ್ದುಹೋಗಿ ನನಗೊಂದು ಕಾಫಿ ತಂದುಕೊಟ್ಟ.

೧೨ ಫೆಬ್ರುವರಿ ೨೦೧೬

"ಹೇಳ್ದೆ ಅಮ್ಮ. ಮೆಡಿಕಲ್ ಆಫೀಸರ್ ಹತ್ರ ನಾನೇ ಹೋಗಿ ಹೇಳ್ದೆ." ದನಿ ಚಿಕ್ಕದಾಗಿತ್ತು. "ಟೆಸ್ಟ್ ಮಾಡ್ತಾರಂತೆ. ಅಲ್ಲೀವರೆಗೂ ಟ್ರೈನಿಂಗ್ ಇಲ್ಲ. ಬೈ."

ದಿವಾಕರ್‌ಗೆ ಹೇಳಿದೆ. ಈ ವಾರದಲ್ಲಿ ಅವರ ಜೊತೆ ಆಡಿದ ಮೊದಲ ಮಾತು ಅದೇ.

೨೪ ಫೆಬ್ರುವರಿ ೨೦೧೬

ಆಸ್ಪತ್ರೆಯಲ್ಲಿ ಕೊಳವೆಗೆ ಊದಿಸಿ, ಓಡಿಸಿ, ಮತ್ತೆ ಊದಿಸಿ ನೋಡಿದರು. ಆಸ್ತಮಾ ಇದೆಯಂತೆ. ಔಷಧಿಯಲ್ಲಿ ಹಿಡಿತಕ್ಕೆ ಬರುತ್ತದೆ, ಆದರೆ ಕಾಲಾಳು ಪಡೆಗೆ ಆಗುವುದಿಲ್ಲ. ಅವನ ದಳದಿಂದ ತೆಗೆದಿದ್ದಾರೆ. ಹೊಸದಾಗಿ ಲೈಟ್ ಟ್ರೈನಿಂಗ್, ಆಮೇಲೆ ಎಲ್ಲಾದರೂ ಆಫೀಸು.

ಅಕ್ಟೋಬರಿನಲ್ಲಿ ನಾನು ದೇವರನ್ನು ಕೇಳಿದ್ದು ಇದನ್ನೇ. ಫೋನಿನಲ್ಲಿ ಅವನು ಅಳುತ್ತಿದ್ದ, ನನಗೆ ತಿಳಿಯಬಾರದೆಂದು ಮಾತು ನುಂಗುತ್ತಿದ್ದ. ಇವತ್ತು ಪಾಯಸ ಮಾಡುವ ಮನಸ್ಸಾಗಲಿಲ್ಲ.

೪ ಮಾರ್ಚ್ ೨೦೧೬

ಶನಿವಾರ ಭಾನುವಾರ ಮನೆಗೆ ಬಂದರೆ ರೂಮಿನ ಬಾಗಿಲು ಹಾಕಿಕೊಂಡು ಮಲಗುತ್ತಾನೆ. ಕೇಳಿದ್ದಕ್ಕೆ ಮಾತ್ರ ಉತ್ತರ. ನನ್ನ ಮೇಲೆ ಸಿಟ್ಟೇ ಎಂದರೆ ಇಲ್ಲ ಎನ್ನುತ್ತಾನೆ. ಇದ್ದಿದ್ದರೆ ವಾಸಿಯಿತ್ತು.

ನಿಜದ ಆ ಚರಿತ್ರೆಗಳಲ್ಲಿ ಇನ್ನೊಂದು ಜಾತಿಯ ಸಾಲಿದೆ, ಈ ವಾರ ಕಣ್ಣಿಗೆ ಬಿತ್ತು. ಕಾಯಿಲೆಯಿಂದ ಅಸಮರ್ಥರಾಗಿ ಬಿಡುಗಡೆಯಾದವರು. ಅಷ್ಟು ಬರೆದು ಮುಂದಿನವನ ಹೆಸರಿಗೆ ಹೋಗಿಬಿಡುತ್ತಾರೆ. ಸತ್ತವರಿಗೆ ಕಲ್ಲು ನಿಲ್ಲಿಸಿದರು, ಉಳಿದವರು ಮುದುಕರಾಗುವವರೆಗೆ ವರ್ಷಕ್ಕೊಮ್ಮೆ ಸೇರಿ ಊಟ ಮಾಡಿದರು. ಇವರು ಎಲ್ಲಿಗೆ ಹೋದರು? ಅವರೂ ತಾವಾಗಿ ಹೆಸರು ಬರೆಸಿದವರೇ ತಾನೇ? ನನ್ನ ರೆಜಿಮೆಂಟಿನಲ್ಲಿ ಅಂಥವರಿಗಾಗಿ ಒಂದು ಪುಟ ಬರೆದೆ. ಊರಿಗೆ ಮರಳಿದ ಕಮ್ಮಾರ, ರೆಜಿಮೆಂಟಿನ ಸುದ್ದಿ ಬರುವ ದಿನ ಕುಲುಮೆ ಆರಿಸಿ ರೈಲ್ವೆ ಸ್ಟೇಷನ್ನಿಗೆ ಹೋಗಿ ನಿಲ್ಲುವವನು.

"ಮೇಡಂ, ಇವರು ಗೇಮಲ್ಲೇ ಇಲ್ವಲ್ಲ. ಡಿಸ್ಚಾರ್ಜ್ ಆದ್ರು, ಮುಗೀತು" ಎಂದ ಗಿರಿಧರ್.

"ಗೇಮಲ್ಲಿ ಇಲ್ಲ. ರೆಜಿಮೆಂಟಲ್ಲಿ ಇದಾರೆ."

ಅವನು ಅದನ್ನೇ ಎರಡು ಸಲ ಓದಿದ. "ಆಯ್ತು, ಇರ್ಲಿ ಬಿಡಿ. ಒಂದು ಪೇಜ್ ತಾನೇ."

೧೨ ಮಾರ್ಚ್ ೨೦೧೬

ಸುಘೋಷನ ಜೊತೆಯವರ ತರಬೇತಿ ಇವತ್ತಿಗೆ ಮುಗಿಯಿತು. ರಾತ್ರಿಯೆಲ್ಲ ಹೊರೆ ಹೊತ್ತು ನಡೆದು ಬೆಳಿಗ್ಗೆ ಮರೀನಾ ಬೇಯ ತೇಲುವ ವೇದಿಕೆಗೆ ಬಂದು ಕವಾಯತು ಮಾಡುತ್ತಾರೆ, ತಾಯಿತಂದೆಯರು ನೋಡಲು ಹೋಗುತ್ತಾರೆ. ಇವನು ಬರುವುದಿಲ್ಲವೆಂದೇ ನಾನು ತಿಳಿದಿದ್ದೆ. ಎದ್ದು ನೋಡಿದರೆ ಸ್ನಾನ ಮಾಡಿ, ಶರ್ಟು ಇಸ್ತ್ರಿ ಮಾಡುತ್ತಿದ್ದ. "ಬರ್ತೀಯಾ ಅಮ್ಮ?" ಎಂದ. ದಿವಾಕರ್ ಹಾಂಗ್‌ಕಾಂಗಿನಲ್ಲಿದ್ದಾರೆ. ಇಬ್ಬರೇ ಹೋದೆವು.

ಪದ್ಮಜಾ ಪಕ್ಕದಲ್ಲಿ ಜಾಗ ಹಿಡಿದಿದ್ದರು. ಹುಡುಗರು ಸಾಲು ಸಾಲಾಗಿ ಬಂದರು, ಬೂಟಿಗೆ ಮಣ್ಣು, ಎಲ್ಲರ ಮುಖವೂ ಒಂದೇ ತರಹ ಬಸವಳಿದಿತ್ತು. ಇವನು ಎದ್ದು ನಿಂತು ಒಬ್ಬೊಬ್ಬರ ಹೆಸರು ಹಿಡಿದು ಕೂಗತೊಡಗಿದ. ಅರವಿಂದ್, ವೇ ಜಿಯೆ, ಹಫೀಜ್, ಇನ್ನೂ ಯಾರು ಯಾರೋ. ಇಷ್ಟು ದಿನ ನನ್ನೆದುರು ಒಬ್ಬನ ಹೆಸರನ್ನೂ ಎತ್ತಿರಲಿಲ್ಲ. ಅವನ ಗಂಟಲು ಒಡೆದುಹೋಯಿತು. ಅವರೆಲ್ಲ ಟೋಪಿಗಳನ್ನು ಮೇಲಕ್ಕೆ ಎಸೆದಾಗ ಇವನ ಕೈಗಳು ತೊಡೆಯ ಪಕ್ಕದಲ್ಲೇ ಇದ್ದವು.

ಕವಾಯತು ಮುಗಿದು ಮಕ್ಕಳೆಲ್ಲ ಅವರವರ ಮನೆಯವರ ಕಡೆ ಓಡಿ ಬಂದರು. ಪದ್ಮಜಾ ಎರಡೂ ಕೈ ಚಾಚಿ ನಿಂತಿದ್ದರು. ಅರವಿಂದ ಅವರನ್ನು ದಾಟಿಕೊಂಡು ನೇರ ಸುಘೋಷನ ಮುಂದೆ ಬಂದು ನಿಂತ. ಬೆನ್ನ ಮೇಲಿದ್ದ ದೊಡ್ಡ ಚೀಲ ಬಿಚ್ಚಿದ, ಇವನ ಹೆಗಲಿಗೆ ಏರಿಸಿದ.

"ನಿನ್ ಟರ್ನ್ ಲಾ. ಎಂಆರ್‌ಟಿ ತನಕ."

ಸುಘೋಷ್ ಆ ಭಾರಕ್ಕೆ ಒಮ್ಮೆ ಮುಂದಕ್ಕೆ ಬಗ್ಗಿದ. ಪಟ್ಟಿಗಳನ್ನು ಎಳೆದು ಸರಿಮಾಡಿಕೊಂಡು ನೆಟ್ಟಗಾದ. ನನ್ನ ಕಡೆ ನೋಡಿದನೆಂದು ಕಾಣುತ್ತದೆ. ಬಿಸಿಲು ಏರಿತ್ತು, ನಾನು ಕೈಚೀಲದಲ್ಲಿ ನೀರಿನ ಬಾಟಲಿ ಹುಡುಕುತ್ತಿದ್ದೆ. ತಲೆಯೆತ್ತುವಷ್ಟರಲ್ಲಿ ಅವನು ಆ ಹುಡುಗರ ನಡುವೆ ಸೇರಿಕೊಂಡು ಪ್ರೊಮೆನೇಡ್ ಮೆಟ್ರೋ ಸ್ಟೇಷನ್ನಿನ ಕಡೆ ಹೊರಟೇಬಿಟ್ಟಿದ್ದ.

"ಅಲ್ರೀ ಮೈಥಿಲಿ, ಅಷ್ಟು ಭಾರ ಹೊರಿಸಿದಾನೆ ನಮ್ಮವನು, ನಿಮ್ಮವನಿಗೆ ಎದೆ ಬೇರೆ ಸರಿಯಿಲ್ಲ. ಕರೀರಿ ಅವನ್ನ" ಎಂದರು ಪದ್ಮಜಾ.

"ಸ್ಟೇಷನ್ ಇಲ್ಲೇ ಅಲ್ವಾ" ಎಂದೆ. ಇಬ್ಬರೂ ಅವರ ಹಿಂದೆ ನಡೆದೆವು.